‘ಬೋರ್ಡ್ ಹೋಗಿದೆ’ ಎಂಬ ಸುಳ್ಳು

ರೇಡಿಯೊಗಳು ವಾಲ್ವುಗಳಿಂದ ನಡೆಯುತ್ತಿದ್ದ ಕಾಲದಲ್ಲಿ ರಿಪೇರಿಯವನು ‘ವಾಲ್ವ್ ಹೋಗಿದೆ’ ಎಂದರೆ, ಹೋದ ವಾಲ್ವನ್ನು ಕಿತ್ತು ನಮ್ಮ ಕೈಯಲ್ಲಿ ಇಡುತ್ತಿದ್ದ. ಒಳಗೆ ತಂತಿ ಕಡಿದಿರುವುದನ್ನೋ ಗಾಜು ಬೆಳ್ಳಗಾಗಿರುವುದನ್ನೋ ನಾವೇ ಕಾಣಬಹುದಾಗಿತ್ತು. ಆ ಮಾತಿಗೊಂದು ಸಾಕ್ಷಿ ಇರುತ್ತಿತ್ತು. ಈಗಿನ ಮಾತು ಬೇರೆ. ವಾಷಿಂಗ್ ಮೆಷೀನು, ಇನ್ವರ್ಟರು, ಟಿ.ವಿ., ತೋಟದ ಮೋಟಾರಿನ ಸ್ಟಾರ್ಟರು, ಏನೇ ನಿಂತರೂ ಉತ್ತರ ಒಂದೇ: ‘ಬೋರ್ಡ್ ಹೋಗಿದೆ ಸಾರ್’. ಎಲ್ಲಿಗೆ ಹೋಯಿತು, ಹೇಗೆ ಹೋಯಿತು ಎಂದು ಕೇಳಿದರೆ ಕೇಳಿದವನೇ ದಡ್ಡ. ಮುಚ್ಚಳ ತೆರೆದು ನೋಡದೆಯೇ ಈ ತೀರ್ಪು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಬಾಳ್ಳುಪೇಟೆಯಂಥ ಊರಿನಲ್ಲಿ ಹೀಗೆ ‘ಹೋದ’ ಎಷ್ಟೋ ಬೋರ್ಡುಗಳು ವಾಸ್ತವವಾಗಿ ಹೋಗಿರುವುದಿಲ್ಲ, ಕೊಳೆಯಾಗಿರುತ್ತವೆ, ಅಷ್ಟೆ. ಇದನ್ನು ನಾನು ಬಹುಕಾಲದಿಂದ ಹೇಳುತ್ತ ಬಂದಿದ್ದೇನೆ. ‘ಮೇಷ್ಟ್ರಿಗೆ ವಯಸ್ಸಾಯಿತು’ ಎಂದು ನಕ್ಕವರೂ ಉಂಟು. ಕಳೆದ ಕಾರ್ತಿಕದಲ್ಲಿ ನಡೆದ ಒಂದು ಪ್ರಸಂಗದ ಬಲದಿಂದ ಅದನ್ನು ಮತ್ತೊಮ್ಮೆ, ಈ ಸಲ ಸ್ವಲ್ಪ ಖಾರವಾಗಿಯೇ, ಬರೆಯುತ್ತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾಫಿ ಕೊಯ್ಲಿಗೆ ಮುಂಚೆ ಗೋದಾಮು ಖಾಲಿ ಮಾಡುತ್ತಿದ್ದಾಗ ಚೀಲಗಳ ಹಿಂದೆ ಸಿಕ್ಕಿದ ಪೆಟ್ಟಿಗೆಯೊಂದನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಮನೆಗೆ ತಂದ. ಆಳೆತ್ತರದ ಪೆಟ್ಟಿಗೆ, ಮುಂದೆ ಗಾಜು, ಕೆಳಗೆ ಎರಡು ಹಿಡಿಗಳು, ಬಣ್ಣ ಮಾಸಿದ ಗುಂಡಿಗಳು.

“ಗುರ್ತು ಸಿಕ್ತಾ ಸಾರ್?” ಎಂದ.

ಸಿಗದೆ ಏನು? 1994ರ ಸುಮಾರಿಗೆ ಬಸ್ ನಿಲ್ದಾಣದ ಪಕ್ಕದ ಅಂಗಡಿಯೊಂದರಲ್ಲಿ ಇದ್ದ ‘ವಿಡಿಯೊ ಗೇಮ್’ ಯಂತ್ರವದು. ಒಂದು ರೂಪಾಯಿ ಹಾಕಿದರೆ ಪರದೆಯ ಮೇಲೆ ಇಬ್ಬರು ಮಲ್ಲರು ಹೊಡೆದಾಡುತ್ತಿದ್ದರು. ನಮ್ಮ ಶಾಲೆಯ ಎಂಟು, ಒಂಬತ್ತನೆಯ ತರಗತಿಯ ಹುಡುಗರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಲ್ಲಿಗೆ ಓಡುತ್ತಿದ್ದರು. ಬೆತ್ತ ಹಿಡಿದು ಹೋಗಿ ಅವರನ್ನು ಎಳೆದು ತರುವ ಕೆಲಸವನ್ನು ನಾನು ಧರ್ಮಕಾರ್ಯವೆಂದೇ ನಂಬಿದ್ದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರ ಬೆನ್ನಿಗೆ ಆ ನೆನಪು ಇದ್ದೀತು. ಮನೆಮನೆಗೆ ಟಿ.ವಿ.ಗೆ ಜೋಡಿಸುವ ಆಟದ ಡಬ್ಬಿಗಳು ಬಂದ ಮೇಲೆ ಆ ಅಂಗಡಿ ನಡೆಯದೆ ಮುಚ್ಚಿತು. ಬಾಡಿಗೆಯ ಬಾಕಿಗೆಂದು ಯಂತ್ರ ನನ್ನ ವಿದ್ಯಾರ್ಥಿಯ ತಂದೆಯ ಪಾಲಿಗೆ ಬಂದು ಗೋದಾಮು ಸೇರಿತು.

ನನ್ನಲ್ಲಿಗೆ ಬರುವ ಮೊದಲು ಅವನು ಪಟ್ಟಣದ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದ್ದ. ತೀರ್ಪು ಎಂದಿನಂತೆ. ಜೊತೆಗೆ ಒಂದು ಸಲಹೆ: ಈ ಹಳೆಯದನ್ನು ಗುಜರಿಗೆ ಹಾಕಿ, ಅರುವತ್ತು ಆಟಗಳಿರುವ ಹೊಸ ಬೋರ್ಡೊಂದನ್ನು ತರಿಸಿ ಕೂರಿಸಿ. ಹಾಗೆ ಹೇಳುವ ಮೊದಲು ಆ ಮಹಾಶಯರು ಬೋರ್ಡಿನ ಅಂಚಿನ ತಾಮ್ರದ ಹಲ್ಲುಗಳನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿಯೂ ನೋಡಿದ್ದರು. ಆ ಹಲ್ಲುಗಳ ಮೇಲಿದ್ದ ತೆಳುವಾದ ಲೇಪ ಕೆಲವೆಡೆ ಎದ್ದುಹೋಗಿತ್ತು.

ಇನ್ನು ನಮ್ಮ ಹವೆಯ ಮಾತು. ಹೆತ್ತೂರು, ಹಾನುಬಾಳು ಕಡೆಯಷ್ಟು ಮಳೆ ನಮಗಿಲ್ಲ ನಿಜ. ಆದರೂ ಆಷಾಢ ಶ್ರಾವಣಗಳಲ್ಲಿ ನಮ್ಮ ಮನೆಯೊಳಗೆ ಚಪ್ಪಲಿಗೂ, ಪುಸ್ತಕದ ಬೆನ್ನಿಗೂ, ಗೋಡೆಯ ಪಟಗಳ ಹಿಂದಕ್ಕೂ ಬೂಷ್ಟು ಹಿಡಿಯುತ್ತದೆ. ವಿದ್ಯುನ್ಮಂಡಲದ ಹಲಗೆಗೆ ಮಾತ್ರ ಹಿಡಿಯುವುದಿಲ್ಲವೇ? ಧೂಳು ಕೂರುತ್ತದೆ, ಧೂಳು ತೇವವನ್ನು ಹೀರುತ್ತದೆ, ತೇವಗೊಂಡ ಧೂಳು ಎರಡು ತಾಮ್ರದ ಗೆರೆಗಳ ನಡುವೆ ಇರಬಾರದ ದಾರಿಯೊಂದನ್ನು ಹಾಸುತ್ತದೆ. ಹರಿಯಬಾರದ ಕಡೆ ವಿದ್ಯುತ್ತು ಹರಿಯುತ್ತದೆ. ಜೋಡಣೆಯ ಜಾಗಗಳಲ್ಲಿ ಕಿಲುಬು ಬಂದು ಹರಿಯಬೇಕಾದ ಕಡೆ ಹರಿಯುವುದಿಲ್ಲ. ಇದರ ಮೇಲೆ ಬೆಚ್ಚಗಿನ ಜಾಗ ಹುಡುಕಿ ಬರುವ ಇರುವೆ, ಜಿರಳೆ, ಹಲ್ಲಿಯ ಹಿಕ್ಕೆ, ಕಣಜದ ಮಣ್ಣಿನ ಗೂಡು. ಮೈಸೂರಿನಲ್ಲೋ ಬಳ್ಳಾರಿಯಲ್ಲೋ ಕುಳಿತವನಿಗೆ ಇದು ಅರ್ಥವಾಗದಿದ್ದರೆ ಕ್ಷಮಿಸಬಹುದು. ಈ ಮಳೆಯಲ್ಲೇ ಹುಟ್ಟಿ ಬೆಳೆದ ಮೆಕ್ಯಾನಿಕ್ಕಿಗೆ ಅರ್ಥವಾಗದು ಎಂದರೆ ನಾನು ನಂಬಲಾರೆ.

ಪೆಟ್ಟಿಗೆಯಲ್ಲಿ ಎರಡು ಬೋರ್ಡುಗಳಿದ್ದವು, ಒಂದು ಜೋಡಿಸಿದ್ದು, ಇನ್ನೊಂದು ಕಾಗದದಲ್ಲಿ ಸುತ್ತಿಟ್ಟಿದ್ದು. ತಯಾರಕರ ಹೆಸರು ಯಾವುದರ ಮೇಲೂ ಇರಲಿಲ್ಲ. ಅಂಚಿನಲ್ಲಿ ಒಂದು ಬದಿಗೆ 28, ಇನ್ನೊಂದು ಬದಿಗೆ 28, ಒಟ್ಟು 56 ಹಲ್ಲುಗಳು. ಇದು ಜಪಾನಿನ ಆಟದ ಯಂತ್ರಗಳ ತಯಾರಕರ ಸಂಘವು 1985ರಲ್ಲಿ ಗೊತ್ತುಮಾಡಿದ ‘ಜಾಮಾ’ ಎಂಬ ಜೋಡಣೆಯ ಕ್ರಮ. ಈ ಕ್ರಮಕ್ಕೆ ಹೊಂದುವ ಯಾವ ಬೋರ್ಡನ್ನಾದರೂ ಅಂಥ ಯಾವ ಪೆಟ್ಟಿಗೆಯಲ್ಲಾದರೂ ಕೂರಿಸಬಹುದು. ಆಟ ಹಳತಾದರೆ ಬೋರ್ಡು ಮಾತ್ರ ಬದಲು, ಪೆಟ್ಟಿಗೆ, ತಂತಿ, ಪರದೆ ಎಲ್ಲವೂ ಹಾಗೆಯೇ. ನಲವತ್ತು ವರ್ಷಗಳ ಹಿಂದೆ ಹುಡುಗರ ಆಟದ ಸಾಮಾನಿಗೆ ಇದ್ದ ಈ ಬುದ್ಧಿ ಇಂದಿನ ವಾಷಿಂಗ್ ಮೆಷೀನಿಗೆ ಏಕಿಲ್ಲ ಎಂದು ನಾನು ಕೇಳುತ್ತೇನೆ.

ಕೆಲಸಕ್ಕೆ ನಾವು ಮೂವರು ಕುಳಿತೆವು: ನಾನು, ಅವನು, ಒಂಬತ್ತನೆಯ ತರಗತಿಯಲ್ಲಿ ಓದುವ ಅವನ ಮಗಳು. ಮೊದಲೇ ಒಂದು ಮಾತು. ಪರದೆಯ ಟ್ಯೂಬಿನ ತಂಟೆಗೆ ನಾವು ಹೋಗಲಿಲ್ಲ. ಆ ಬಗೆಯ ಬಣ್ಣದ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ಒತ್ತಡ ಬೇಕು. ಪ್ಲಗ್ಗು ಕಿತ್ತ ಮೇಲೂ ಅದು ಒಳಗೆ ಅಡಗಿ ಕೂತಿರಬಹುದು. ಹಳೆಯ ಟಿ.ವಿ. ರಿಪೇರಿಯಲ್ಲಿ ಕೈಪಳಗಿದ ಒಬ್ಬರನ್ನು ಕರೆಸಿ ಆ ಭಾಗವನ್ನು ಅವರಿಗೇ ಬಿಟ್ಟೆವು. ಮನೆಯಲ್ಲಿ ಮಾಡಬಹುದಾದದ್ದು ಯಾವುದು, ಮಾಡಬಾರದ್ದು ಯಾವುದು ಎಂಬ ವಿವೇಕವಿಲ್ಲದವನು ತಿರುಪುಳಿ ಹಿಡಿಯಬಾರದು.

ಬೋರ್ಡಿನ ಮೇಲಿನ ಒಣ ಧೂಳನ್ನು ಚಿತ್ರ ಬರೆಯುವ ಮೆದು ಕುಂಚದಿಂದ ಗುಡಿಸಿದ್ದಾಯಿತು. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಹಾಸನದಿಂದ ತರಿಸಿದ ಐಸೊಪ್ರೊಪೈಲ್ ಆಲ್ಕೊಹಾಲು. ನೂರಕ್ಕೆ ತೊಂಬತ್ತೊಂಬತ್ತು ಪಾಲಿನದೇ ಆಗಬೇಕು. ಔಷಧಿ ಅಂಗಡಿಯಲ್ಲಿ ಕೈಗೆ ಹಚ್ಚಿಕೊಳ್ಳಲು ಮಾರುವ ದ್ರವದಲ್ಲಿ ನೀರೂ ಇರುತ್ತದೆ, ಜಿಡ್ಡೂ ಇರುತ್ತದೆ. ಕಿಟಕಿ ತೆರೆದಿಟ್ಟು, ದೇವರ ಮನೆಯ ದೀಪ ಆರಿದ ಮೇಲೆಯೇ ಬಾಟಲಿ ತೆರೆದೆವು. ಅದು ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುವ ವಸ್ತು. ಅಂಚಿನ ಹಲ್ಲುಗಳಿಗೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರು ಸಾಕು, ಮೆಲ್ಲಗೆ, ಒಂದೇ ದಿಕ್ಕಿನಲ್ಲಿ. ಶಾಯಿ ಅಳಿಸುವ ಒರಟು ರಬ್ಬರು ಬೇಡ. ಸ್ಯಾಂಡ್ ಪೇಪರಂತೂ ಕೊಲೆಗೆ ಸಮಾನ. ಗುಂಡಿಗಳನ್ನೂ ಹಿಡಿಗಳನ್ನೂ ಬಿಚ್ಚಿ ಪ್ಲಾಸ್ಟಿಕ್ಕಿನ ಭಾಗಗಳನ್ನು ಮಾತ್ರ ಸೋಪಿನ ನೀರಿನಲ್ಲಿ ನೆನೆಹಾಕಿದೆವು. ಒಳಗಿನ ತಗಡಿನ ಸ್ವಿಚ್ಚುಗಳ ತುದಿಗಳ ನಡುವೆ ಲಗ್ನಪತ್ರಿಕೆಯ ತುಂಡೊಂದನ್ನು ಸಿಕ್ಕಿಸಿ ಹತ್ತು ಸಲ ಎಳೆದರೆ ಕಪ್ಪು ಬಿಟ್ಟುಕೊಂಡಿತು. ಮದುವೆ ಮುಗಿದ ಮೇಲೆ ಆ ಪತ್ರಿಕೆಗಳಿಗೆ ಇಷ್ಟು ಒಳ್ಳೆಯ ಉಪಯೋಗ ನಾನು ಬೇರೆ ಕಂಡಿಲ್ಲ.

ಚಿಪ್ಪುಗಳಲ್ಲಿ ಕೆಲವಕ್ಕೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ, ಅದರ ಮೇಲೆ ಚೀಟಿ ಅಂಟಿಸಿರುತ್ತಾರೆ. ಆಟದ ಲೆಕ್ಕವೆಲ್ಲ ಬರೆದಿರುವುದು ಅದರೊಳಗೆ. ಅತಿನೇರಳೆ ಕಿರಣ ತಗುಲಿದರೆ ಬರೆದದ್ದು ಅಳಿಸಿಹೋಗುತ್ತದೆ. ನೇರ ಬಿಸಿಲಿನಲ್ಲಿಟ್ಟರೆ ಸುಮಾರು ಒಂದು ವಾರ ಸಾಕು. ನನ್ನ ವಿದ್ಯಾರ್ಥಿ ಏನು ಮಾಡಿದ್ದ ಬಲ್ಲಿರಾ? ಕೊಳೆಯಾಗಿದೆಯೆಂದು ಚೀಟಿಗಳನ್ನು ಕಿತ್ತು, ಒಣಗಲೆಂದು ಬೋರ್ಡನ್ನು ಎರಡು ದಿನ ಕಾಫಿ ಕಣದಲ್ಲಿ ಹರವಿದ್ದ! ವಾರ ತುಂಬುವ ಮೊದಲೇ ಮೋಡ ಕವಿದದ್ದು ನಮ್ಮ ಪುಣ್ಯ. ಕಪ್ಪು ಟೇಪಿನ ತುಂಡು ಕತ್ತರಿಸಿ ಕಿಟಕಿಗಳನ್ನು ಮುಚ್ಚಿದೆವು.

ಇಂಥ ಅಜ್ಞಾನಕ್ಕೆ ಅವನನ್ನು ಬೈದು ಫಲವಿಲ್ಲ. ಊರ ತುಂಬ ಮೊಬೈಲಿನಲ್ಲಿ ಹರಿದಾಡುವ ಉಪದೇಶಗಳೇ ಹಾಗಿವೆ. ಸೀಮೆಎಣ್ಣೆಯಲ್ಲಿ ತೊಳೆಯಿರಿ ಎನ್ನುವವನೊಬ್ಬ. ಜಿಡ್ಡು ಉಳಿದು ಮುಂದಿನ ಮಳೆಗಾಲದ ಧೂಳನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಹೊಡೆಸಿರಿ ಎನ್ನುವವನು ಇನ್ನೊಬ್ಬ. ಆ ಗಾಳಿಯ ಜೊತೆಗೆ ನೀರಿನ ಹನಿಯೂ ಎಂಜಿನ್ ಎಣ್ಣೆಯೂ ಬರುತ್ತವೆಂದು ಅವನಿಗೆ ತಿಳಿಯದು. ನೀರಿಗೆ ಬಿದ್ದ ಫೋನನ್ನು ಅಕ್ಕಿಯ ಡ್ರಮ್ಮಿನಲ್ಲಿ ಹೂಳುವುದು ಈಗ ಮನೆಮನೆಯ ಆಚಾರವಾಗಿದೆ. ಅಕ್ಕಿಗಿಂತ ಗಾಳಿಯಾಡುವ ಒಣ ಜಾಗವೇ ಮೇಲು, ಅಕ್ಕಿಯಿಂದ ಸಿಗುವ ಹೆಚ್ಚಿನ ಲಾಭವೆಂದರೆ ರಂಧ್ರದೊಳಗೆ ತೌಡು. ಬಾವಿಯ ನೀರಿನಲ್ಲಿ ತೊಳೆದರೆ ಉಪ್ಪು ಉಳಿಯುತ್ತದೆ. ತೊಳೆಯಲೇಬೇಕಾದರೆ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್ ತನ್ನಿ, ಕೊನೆಗೆ ಆಲ್ಕೊಹಾಲಿನಿಂದ ಆ ನೀರನ್ನು ಓಡಿಸಿ. (ಮಳೆನೀರು ಆಗದೇ ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಆಕಾಶದಿಂದ ಬೀಳುವಾಗ ಆದೀತು, ನಮ್ಮ ಹೆಂಚಿನ ಪಾಚಿಯ ಮೇಲೆ ಹರಿದು ಬಂದ ಮೇಲೆ ಆಗದು.)

ಒಣಗಿಸಿದ್ದು ಹೇಗೆ? ಹಿಂದಿನಿಂದ ನಮ್ಮ ಕಡೆ ಬೂಷ್ಟು ಬಾರದಿರಲೆಂದು ಬೀರುವಿನೊಳಗೆ ತಂತಿಯ ಬಲ್ಬೊಂದನ್ನು ಉರಿಸಿಡುವ ಪದ್ಧತಿ ಇದೆಯಷ್ಟೆ? ಅದನ್ನೇ ಮಾಡಿದೆವು. ಆ ಬಲ್ಬನ್ನು ಹುಡುಕಲು ಮೂರು ಅಂಗಡಿ ತಿರುಗಬೇಕಾಯಿತು. ಈಗಿನ ಎಲ್‌ಇಡಿ ದೀಪಕ್ಕೆ ಬೆಳಕು ಉಂಟು, ಬೀರು ಬೆಚ್ಚಗಾಗುವಷ್ಟು ಬಿಸಿ ಇಲ್ಲ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡೋಣವೆಂದ ಅವನ ಮಾತನ್ನು ನಾನು ಒಪ್ಪಲಿಲ್ಲ. ಹೊಗೆಯ ಮಸಿ ಬೂಷ್ಟಿಗಿಂತ ಮೇಲಲ್ಲ.

ಮೂರು ದಿನಗಳ ನಂತರ ಪವರ್ ಸಪ್ಲೈಯನ್ನು ಮೊದಲು ಬೋರ್ಡಿಲ್ಲದೆ ಅಳೆದು ನೋಡಿದೆವು. ಆ ಕಾಲದ ಚಿಪ್ಪುಗಳಿಗೆ ಐದು ವೋಲ್ಟು ಬೇಕು, 4.75ರಿಂದ 5.25ರ ಒಳಗೆ. ನಮ್ಮದು ಆರರ ಮೇಲೆ ತೋರಿಸುತ್ತಿತ್ತು. ಹಾಗೆಯೇ ಜೋಡಿಸಿದ್ದರೆ ಬೋರ್ಡು ನಿಜವಾಗಿಯೂ ಹೋಗುತ್ತಿತ್ತು, ಮೆಕ್ಯಾನಿಕ್ಕಿನ ವಾಕ್ಯ ಸತ್ಯವಾಗುತ್ತಿತ್ತು. ಸಪ್ಲೈ ಬದಲಿಸಿ ಜೋಡಿಸಿದೆವು. ಒಂದು ಕ್ಷಣ ಅಡ್ಡಗೆರೆಗಳು, ಆಮೇಲೆ ಬಣ್ಣ, ಆಮೇಲೆ ಮಲ್ಲರಿಬ್ಬರು. ಶಬ್ದ ಬರಲಿಲ್ಲ, ಇಂದಿಗೂ ಬಂದಿಲ್ಲ. ಎರಡನೆಯ ಆಟಗಾರನ ಒಂದು ಗುಂಡಿ ಒತ್ತಿದರೆ ಒಮ್ಮೆ ಉಂಟು, ಒಮ್ಮೆ ಇಲ್ಲ. ಆದರೂ ‘ಹೋದ’ ಬೋರ್ಡು ನಡೆಯುತ್ತಿದೆ.

ಎರಡನೆಯ ಬೋರ್ಡಿನ ಕಥೆ ಬೇರೆ. ಅದರ ಮೇಲೊಂದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇತ್ತು. ವರ್ಷಗಟ್ಟಲೆ ಹಾಗೆಯೇ ಬಿಟ್ಟದ್ದರಿಂದ ಸೋರಿ, ಕ್ಷಾರವು ಸುತ್ತಲ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಬ್ಯಾಟರಿ ಕತ್ತರಿಸಿ ತೆಗೆದು, ನೀರು ಬೆರೆಸಿದ ವಿನೆಗರಿನಿಂದ ಒರೆಸಿ, ತೊಳೆದು ಒಣಗಿಸಿದರೂ ಪ್ರಾಣ ಬರಲಿಲ್ಲ. ಅದು ನಿಜಕ್ಕೂ ಹೋಗಿತ್ತು. ಹತ್ತು ವರ್ಷಗಳ ಹಿಂದೆ ಯಾರಾದರೂ ಐದು ನಿಮಿಷ ಕೂತು ಆ ಬ್ಯಾಟರಿಯನ್ನು ಕಿತ್ತಿದ್ದರೆ ಬಹುಶಃ ಉಳಿಯುತ್ತಿತ್ತು.

‘ಹುಡುಗರ ಆಟದ ಸಾಮಾನಿಗೆ ಇಷ್ಟೆಲ್ಲ ಏಕೆ? ಗುಜರಿಗೆ ಹಾಕಿದ್ದರೆ ಮುಗಿಯುತ್ತಿತ್ತು’ ಎಂದು ನನ್ನ ಭಾವಮೈದುನರು ಫೋನಿನಲ್ಲಿ ಹೇಳಿದರು. ಮುಗಿಯುತ್ತಿರಲಿಲ್ಲ ಎಂಬುದೇ ನನ್ನ ತಕರಾರು. ಗುಜರಿಗೆ ಹೋದ ಬೋರ್ಡು ಯಾರದೋ ಹಿತ್ತಿಲಿನಲ್ಲಿ ತಾಮ್ರದಾಸೆಗೆ ಬೆಂಕಿಗೆ ಬೀಳುವ ಸಾಧ್ಯತೆ ಎಷ್ಟಿದೆ ಎಂಬುದನ್ನು ಗುಜರಿಯ ಹಿಂಭಾಗದ ಕರಿಹೊಗೆ ಕಂಡವರು ಬಲ್ಲರು. ಯುರೋಪಿನಲ್ಲಿ 2006ರ ಜುಲೈನಿಂದ ಬೆಸುಗೆಯಲ್ಲಿ ಸೀಸಕ್ಕೆ ತಡೆ ಬಂತು. ಅದಕ್ಕೆ ಮುಂಚಿನ ಬೋರ್ಡುಗಳ ಬೆಸುಗೆಯಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಸೀಸ. ಹಲಗೆಯಲ್ಲಿ ಬೆಂಕಿ ತಡೆಯಲೆಂದು ಸೇರಿಸಿದ ಬ್ರೋಮಿನ್ ಸಂಯುಕ್ತಗಳು ಸುಟ್ಟಾಗ ಘೋರ ವಿಷವಾಗುತ್ತವೆ. ದೇಶದಲ್ಲಿ ಇ-ತ್ಯಾಜ್ಯಕ್ಕೆಂದೇ ನಿಯಮಗಳು 2011ರಲ್ಲಿ ಬಂದವು, 2016ರಲ್ಲಿ ಬದಲಾದವು, 2022ರಲ್ಲಿ ಮತ್ತೆ ಹೊಸದಾಗಿ ಬಂದವು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿವೆ. ಸಂತೆಯ ದಿನ ತಕ್ಕಡಿ ಹಿಡಿದು ಬರುವವನ ಚೀಲದವರೆಗೆ ಆ ನಿಯಮಗಳು ತಲುಪಿದ್ದನ್ನು ನಾನು ಕಂಡಿಲ್ಲ. ಸೀಸದ ಕಾರಣಕ್ಕೇ ನಮ್ಮ ಕೆಲಸವೂ ಊಟದ ಕೋಣೆಯಲ್ಲಿ ನಡೆಯಲಿಲ್ಲ. ಜಗಲಿಯ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತೆವು, ಏಳುವಾಗ ಸೋಪಿನಿಂದ ಕೈ ತೊಳೆದೆವು.

ಮೆಕ್ಯಾನಿಕ್ಕುಗಳನ್ನೇ ದೂರಿದರೆ ಅನ್ಯಾಯವಾದೀತು. ಒಂದು ಬೋರ್ಡನ್ನು ಶುಚಿ ಮಾಡಿ ಒಣಗಿಸಲು ಮೂರು ನಾಲ್ಕು ದಿನ ಬೇಕು. ‘ಬರೀ ತೊಳೆದದ್ದಕ್ಕೆ ಐನೂರು ರೂಪಾಯಿಯೇ?’ ಎಂದು ಜಗಳಕ್ಕೆ ನಿಲ್ಲುವವರು ನಾವೇ. ಹೊಸ ಬೋರ್ಡಿಗೆ ಐದು ಸಾವಿರವೆಂದರೆ ಸದ್ದಿಲ್ಲದೆ ಎಣಿಸಿ ಕೊಡುವವರೂ ನಾವೇ. ವಸ್ತುವಿಗೆ ಬೆಲೆ ಕೊಡುತ್ತೇವೆ, ಕೈಗೆ ಕೊಡುವುದಿಲ್ಲ. ಹೀಗಿರುವಾಗ ಆತ ನಿಜ ಹೇಳಿ ಏಕೆ ಉಪವಾಸ ಬೀಳಬೇಕು? ಕೇಂದ್ರ ಸರ್ಕಾರ 2022ರಲ್ಲಿ ‘ದುರಸ್ತಿಯ ಹಕ್ಕು’ ಎಂದು ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಸಂತೋಷ. ಹಕ್ಕು ಬಂದೀತು, ತಿರುಪುಳಿ ಹಿಡಿಯುವ ಕೈ ಎಲ್ಲಿಂದ ಬರಬೇಕು?

ಇಲ್ಲಿ ನಮ್ಮ ಕಸುಬಿನವರ, ಅಂದರೆ ಮೇಷ್ಟ್ರುಗಳ, ತಪ್ಪು ಹೇಳದೆ ವಿಧಿಯಿಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕವೇ ಶಿಕ್ಷಣವೆಂದರು. ಕೊಠಾರಿ ಆಯೋಗ 1966ರಲ್ಲಿ ಕಾರ್ಯಾನುಭವ ಬೇಕೆಂದಿತು. ಈಶ್ವರಭಾಯಿ ಪಟೇಲ್ ಸಮಿತಿ 1977ರಲ್ಲಿ ಅದಕ್ಕೆ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ಉದ್ದನೆಯ ಹೆಸರಿಟ್ಟಿತು. ವೇಳಾಪಟ್ಟಿಯಲ್ಲಿ ಆ ಅವಧಿ ಇತ್ತು. ನಾನು ಅದರಲ್ಲಿ ಏನು ಮಾಡಿಸುತ್ತಿದ್ದೆ? ಕಳೆ ಕೀಳಿಸುತ್ತಿದ್ದೆ, ಇಲ್ಲವಾದರೆ ಉಳಿದ ಗಣಿತದ ಪಾಠ ಮುಗಿಸುತ್ತಿದ್ದೆ. ವಿದ್ಯುನ್ಮಂಡಲವನ್ನು ಕಪ್ಪುಹಲಗೆಯ ಮೇಲೆ ಅಂದವಾಗಿ ಬರೆಯುತ್ತಿದ್ದೆ, ಪ್ರಯೋಗಾಲಯದ ಬೀರುವಿಗೆ ಬೀಗ ಹಾಕಿರುತ್ತಿದ್ದೆ. ಇಂದಿನ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ಅಂಗಡಿಯಿಂದ ಕೊಂಡ ಥರ್ಮೊಕೋಲಿನ ಮಾದರಿ ತರುತ್ತಾರೆಂದು ನಾವು ನಿವೃತ್ತರು ಗೊಣಗುತ್ತೇವೆ. ಆ ಹಾದಿಗೆ ಮೊದಲ ಕಲ್ಲು ಇಟ್ಟವರು ಯಾರು?

ಈ ಮಾತಿಗೆ ನನ್ನಲ್ಲಿ ಪುರಾವೆ ಇದೆ, ಅದು ಹೆಮ್ಮೆಯದಲ್ಲ. ಬೋರ್ಡು ಬೀರುವಿನಲ್ಲಿ ಒಣಗುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಕಾಫಿ ಕುಡಿಯುತ್ತ ಅವನು ನಗುನಗುತ್ತಲೇ ಹೇಳಿದ: “ಸಾರ್, ಆವತ್ತು ನೀವು ನನಗೆ ಹೊಡೆದ್ರಲ್ಲ, ನಾನು ಆಡ್ತಿರ್ಲಿಲ್ಲ. ದುಡ್ಡೆಲ್ಲಿತ್ತು ನನ್ಹತ್ರ? ನಾನು ಯಂತ್ರದ ಹಿಂದ್ಗಡೆ ಇದ್ದೆ. ಅಂಗಡಿಯವ್ರು ಬೋರ್ಡ್ ಕ್ಲೀನ್ ಮಾಡೋದು ಹೇಳ್ಕೊಡ್ತಿದ್ರು.”

ನನಗೆ ಆ ದಿನದ ನೆನಪೇ ಇಲ್ಲ. ಹೊಡೆದವನಿಗೆ ನೆನಪಿರುವುದಿಲ್ಲ. ಪೆಟ್ಟಿಗೆಯ ಹಿಂದಿನಿಂದ ಅವನನ್ನು ಎಳೆದವನು ಅವನ ಕೈಯಲ್ಲಿ ಏನಿತ್ತೆಂದು ನೋಡಬಹುದಿತ್ತು, ನೋಡಲಿಲ್ಲ. ಮರುದಿನದ ಪ್ರಾರ್ಥನೆಯ ವೇಳೆ ಇಡೀ ಶಾಲೆಯ ಮುಂದೆ ಅವನನ್ನು ನಿಲ್ಲಿಸಿದ್ದೆನಂತೆ. ಹತ್ತನೆಯ ತರಗತಿಯ ನಂತರ ಅವನು ಐ.ಟಿ.ಐ.ಗೆ ಹೋಗಲಿಲ್ಲ. ತೋಟ ಇತ್ತು, ತೋಟಕ್ಕೆ ಹೋದ. ಅದಕ್ಕೆ ನಾನೇ ಕಾರಣನೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕ್ಷಮಿಸಪ್ಪ ಎಂದೆ. “ಅಯ್ಯೋ, ಬಿಡಿ ಸಾರ್” ಎಂದು ಲೋಟ ಕೆಳಗಿಟ್ಟ.

ಅವನ ಮಗಳು ಈಗ ಎರಡನೆಯ ಬೋರ್ಡನ್ನು ತನ್ನ ಮನೆಗೆ ಒಯ್ದಿದ್ದಾಳೆ. ಅದು ನಡೆಯದೆಂದು ಅವಳಿಗೂ ಗೊತ್ತು. ಕ್ಷಾರ ತಿಂದ ಗೆರೆಗಳನ್ನು ಒಂದೊಂದಾಗಿ ಮೀಟರಿನಲ್ಲಿ ಹಿಡಿದು, ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ಕಳೆದ ಭಾನುವಾರ ಬಂದಾಗ ಹನ್ನೊಂದು ಗೆರೆಗಳಾಗಿದ್ದವು. ಅದರಲ್ಲೊಂದನ್ನು ನಾನು ತಪ್ಪಾಗಿ ಗುರುತಿಸಿದ್ದೆನೆಂದು ತಿದ್ದಿದಳು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ‘ಬೋರ್ಡ್ ಹೋದ’ ವಸ್ತು ಇದ್ದರೆ ತೂಕಕ್ಕೆ ಹಾಕುವ ಮೊದಲು ತನ್ನಿ. ಜಗಲಿಯಲ್ಲಿ ಜಾಗವಿದೆ. ಮಳೆ ಹಿಡಿಯುವ ಮುನ್ನ ಬಂದರೆ ಉತ್ತಮ, ಭಾನುವಾರವಾದರೆ ಆ ಹುಡುಗಿಯೂ ಇರುತ್ತಾಳೆ. ಬ್ಯಾಟರಿ ಇದ್ದರೆ ಕಿತ್ತು ಬೇರೆ ಡಬ್ಬಿಯಲ್ಲಿಡಿ. ಚೀಟಿಗಳನ್ನು ಕೀಳಬೇಡಿ. ಬಿಚ್ಚಿದ ತಿರುಪುಗಳನ್ನು ಜೇಬಿಗೆ ಹಾಕಿಕೊಂಡು ಮರೆಯದೆ, ಒಂದು ಪೊಟ್ಟಣ ಕಟ್ಟಿ ಜೊತೆಯಲ್ಲೇ ತನ್ನಿ.